ನಾಲ್ಕೂ ಗಾಲಿ ತಿರುಗಿದರೆ ಸಾಲದು: ಫೋರ್ ವೀಲ್ ಡ್ರೈವ್ ಗಾಡಿಗೆ ಬೇರೆ ಟೈರ್ ಬೇಕೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ, ಅಂದರೆ ಎಂಜಿನ್ನಿನ ಬಲ ನಾಲ್ಕೂ ಗಾಲಿಗೆ ಹೋಗುವ ಗಾಡಿ, ಈಗ ಅಪರೂಪದ್ದಲ್ಲ. ಹಿಂದೆ ಅದು ಸಂಡೂರಿನ ಗಣಿಗಳಲ್ಲಿ ಕೆಂಪು ಧೂಳು ಮೆತ್ತಿಕೊಂಡು ಓಡಾಡುವ ಕಂಪನಿ ಜೀಪುಗಳ ಸ್ವತ್ತಾಗಿತ್ತು. 2020ರ ಅಕ್ಟೋಬರ್‌ನಲ್ಲಿ ಮಹೀಂದ್ರಾದ ಹೊಸ ಥಾರ್, 2023ರ ಜೂನ್‌ನಲ್ಲಿ ಮಾರುತಿಯ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ಗಂಗಾವತಿಯ ರೈಸ್ ಮಿಲ್ಲಿನವರು, ಸಿಂಧನೂರಿನ ಕ್ಯಾಂಪುಗಳ ರೈತರು, ಬಳ್ಳಾರಿಯ ಜೀನ್ಸ್ ವ್ಯಾಪಾರಿಗಳು ಇಂಥ ಗಾಡಿ ಕೊಳ್ಳತೊಡಗಿದ್ದಾರೆ. ಗಾಡಿಯ ಬೆನ್ನಿಗೇ ಟೈರಿನ ಪ್ರಶ್ನೆಯೂ ಬಂದಿದೆ. ಡಿಸೆಂಬರ್-ಜನವರಿಯಲ್ಲಿ ಹಿಮಾಚಲದ ಮನಾಲಿ, ಸ್ಪಿತಿ ಕಡೆ ಗಾಡಿ ಓಡಿಸಿಕೊಂಡು ಹೋಗಬೇಕೆನ್ನುವ ಹುಡುಗರು ಚಳಿಗಾಲದ ಟೈರ್ ಹಾಕಿಸಬೇಕಾ ಎಂದು ಕೇಳುತ್ತಾರೆ. ಮಗ ಕೆನಡಾದಲ್ಲೋ ಜರ್ಮನಿಯಲ್ಲೋ ಇರುವ ಮನೆಗಳಲ್ಲಿ ಇದೇ ಮಾತು ಫೋನಿನಲ್ಲಿ ನಡೆಯುತ್ತದೆ: "ಅಪ್ಪಾ, ನಮ್ಮ ಕಾರಿಗೆ ಆಲ್ ವೀಲ್ ಡ್ರೈವ್ ಐತಿ, ಮತ್ತ ಬ್ಯಾರೆ ಟೈರ್ ಯಾಕ ಬೇಕು?" ಇನ್ನು ಊರಲ್ಲೇ ಇರುವವರು ಕಂಪನಿ ಕೊಟ್ಟ ಟೈರ್ ಕಳಚಿಸಿ ದಪ್ಪ ಕಚ್ಚುಗಳ ಎ.ಟಿ. ಟೈರ್, ಅಂದರೆ ಎಲ್ಲ ನೆಲಕ್ಕೂ ಆಗುತ್ತದೆ ಎಂದು ಮಾರುವ ಟೈರ್ ಹಾಕಿಸುತ್ತಿದ್ದಾರೆ.

ಮೂರೂ ಕಡೆ ಒಂದೇ ತಪ್ಪು ಲೆಕ್ಕ ಕೆಲಸ ಮಾಡುತ್ತಿದೆ. ಎಂಜಿನ್ನಿನ ಬಲ ಎಷ್ಟು ಗಾಲಿಗೆ ಹೋಗುತ್ತದೆ ಎನ್ನುವುದೇ ಬೇರೆ, ಗಾಲಿ ನೆಲವನ್ನು ಎಷ್ಟು ಹಿಡಿಯುತ್ತದೆ ಎನ್ನುವುದೇ ಬೇರೆ. ಮೊದಲನೆಯದನ್ನು ಶೋರೂಮಿನಲ್ಲಿ ಹಣ ಕೊಟ್ಟು ಕೊಂಡುಕೊಂಡು, ಎರಡನೆಯದೂ ಅದರ ಜೊತೆಗೇ ಬಂತು ಎಂದು ನಂಬುತ್ತೇವೆ. ಈ ನಂಬಿಕೆ ಜೀವಕ್ಕೇ ಕುತ್ತು ತರಬಲ್ಲದು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬಿಡಿಸಿ ನೋಡಬೇಕು.

ಫೋರ್ ವೀಲ್ ಡ್ರೈವ್ ಮಾಡುವ ಕೆಲಸ ಇಷ್ಟೇ: ಎಂಜಿನ್ನಿನ ಬಲವನ್ನು ಎರಡು ಗಾಲಿಗೆ ಕೊಡುವ ಬದಲು ನಾಲ್ಕಕ್ಕೂ ಹಂಚುತ್ತದೆ. ಒಂದು ಗಾಲಿ ರಾಡಿಯಲ್ಲಿ ಸುಮ್ಮನೆ ತಿರುಗುತ್ತಿದ್ದರೂ ಇನ್ನೊಂದು ಗಟ್ಟಿ ನೆಲದ ಮೇಲಿದ್ದರೆ ಗಾಡಿ ಮುಂದೆ ಸರಿಯುತ್ತದೆ. ಬಲ ಹೆಚ್ಚಿಸಿ ವೇಗ ತಗ್ಗಿಸುವ ಲೋ ರೇಂಜ್ ಗೇರ್ ಇದ್ದರೆ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆಯೇ ನಿಧಾನಕ್ಕೆ ಇಳಿಯಬಹುದು. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬ್ರೇಕ್ ಎಲ್ಲ ಕಾರುಗಳಿಗೂ ನಾಲ್ಕು ಗಾಲಿಯಲ್ಲೇ ಇರುತ್ತದೆ, ಹಳೆಯ ಆಲ್ಟೊಗೂ ಹೊಸ ಫಾರ್ಚುನರ್‌ಗೂ. ಬ್ರೇಕ್ ಒತ್ತಿದಾಗ ಗಾಡಿಯನ್ನು ನಿಲ್ಲಿಸುವುದು ಅಂಗೈಯಷ್ಟಗಲದ ನಾಲ್ಕು ತುಂಡು ರಬ್ಬರ್. ತಿರುವಿನಲ್ಲಿ ಗಾಡಿಯನ್ನು ರಸ್ತೆಯ ಮೇಲೆ ಉಳಿಸುವುದೂ ಅವೇ ನಾಲ್ಕು ತುಂಡು.

ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆಗೆ ಬಿಟ್ಟದ್ದು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರ್ ಇದ್ದರೆ ಘರ್ಷಣಾಂಕ, ಅಂದರೆ ಹಿಡಿತವನ್ನು ಅಳೆಯುವ ಅಂಕಿ, 0.8ರಷ್ಟು ಎಂದಿಟ್ಟುಕೊಂಡರೆ ಸುಮಾರು 32 ಮೀಟರ್‌ನಲ್ಲಿ ನಿಲ್ಲುತ್ತದೆ. ರಸ್ತೆ ಒದ್ದೆಯಾಗಿ, ಟೈರ್ ಸವೆದು ಅದು 0.4ಕ್ಕೆ ಇಳಿದರೆ 63 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 0.1 ಎಂದರೆ 250 ಮೀಟರ್ ದಾಟುತ್ತದೆ. ಚಾಲಕ ಗಾಬರಿಯಾಗಿ ಕಾಲನ್ನು ಬ್ರೇಕಿನ ಮೇಲಿಡುವಷ್ಟರಲ್ಲಿ ಕ್ರಮಿಸುವ ದೂರ ಇದಕ್ಕೆ ಸೇರಿಲ್ಲ. ಈ ಲೆಕ್ಕದಲ್ಲಿ ಎಂಜಿನ್ ಎಷ್ಟು ಗಾಲಿ ತಿರುಗಿಸುತ್ತದೆ ಎಂಬ ಅಂಕಿಗೆ ಜಾಗವೇ ಇಲ್ಲ.

ಇನ್ನೂ ಒಂದು ಅಪಾಯವಿದೆ, ಅದನ್ನು ಯಾರೂ ಹೇಳುವುದಿಲ್ಲ. ಸಾಮಾನ್ಯ ಕಾರು ಜಾರುವ ರಸ್ತೆಯಲ್ಲಿ ಹೊರಡುವಾಗಲೇ ಗಾಲಿ ಗಿರ್ರೆಂದು ತಿರುಗಿ ಎಚ್ಚರಿಸುತ್ತದೆ. ಚಾಲಕ ಆ ಕ್ಷಣವೇ ಹುಷಾರಾಗುತ್ತಾನೆ. ಫೋರ್ ವೀಲ್ ಡ್ರೈವ್ ಗಾಡಿ ಅದೇ ರಸ್ತೆಯಲ್ಲಿ ಏನೂ ಆಗದಂತೆ ಸಲೀಸಾಗಿ ಹೊರಡುತ್ತದೆ, 60ಕ್ಕೆ ಏರುತ್ತದೆ, 80ಕ್ಕೂ ಏರುತ್ತದೆ. ರಸ್ತೆ ಜಾರುತ್ತದೆ ಎನ್ನುವುದು ಚಾಲಕನಿಗೆ ಗೊತ್ತಾಗುವುದು ಎದುರಿಗೆ ಎಮ್ಮೆ ಅಡ್ಡ ಬಂದಾಗ.

ಈಗ ಚಳಿಗಾಲದ ಟೈರಿನ ವಿಷಯ. ಇದರ ಹುಟ್ಟು ಫಿನ್ಲೆಂಡಿನಲ್ಲಿ. ನೋಕಿಯನ್ ಕಂಪನಿ 1934ರಲ್ಲಿ ಲಾರಿಗಳಿಗಾಗಿ, 1936ರಲ್ಲಿ ಕಾರುಗಳಿಗಾಗಿ ಹಿಮದ ಟೈರ್ ತಂದಿತು. ಈಗಿನ ಟೈರಿನಲ್ಲಿ ಮುಖ್ಯವಾದದ್ದು ರಬ್ಬರಿನ ಹದ. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ, ರಸ್ತೆಯ ಸಣ್ಣ ಉಬ್ಬು ತಗ್ಗುಗಳಿಗೆ ಬಾಗಿ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನಲ್ಲಿ ಸಿಲಿಕಾ ಹೆಚ್ಚು ಬೆರೆಸಿ ಆ ತಣ್ಣಗಿನಲ್ಲೂ ಮೆತ್ತಗೆ ಉಳಿಯುವಂತೆ ಮಾಡಿರುತ್ತಾರೆ. ಜೊತೆಗೆ ಒಂದೊಂದು ಕಚ್ಚಿನ ಮೇಲೂ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳಿರುತ್ತವೆ. ಹಿಮದ ಮೇಲೆ ಉರುಳುವಾಗ ಆ ಸೀಳುಗಳು ತುಸು ಬಾಯ್ಬಿಟ್ಟು ಹಿಮವನ್ನು ಕಚ್ಚುತ್ತವೆ, ದೊಡ್ಡ ಗೀರುಗಳಲ್ಲಿ ಹಿಮ ತುಂಬಿಕೊಂಡು ನಿಲ್ಲುತ್ತದೆ. ಹಿಮಕ್ಕೆ ಹಿಮ ಅಂಟುವ ಗುಣವಿದೆಯಲ್ಲ, ಹಾಗಾಗಿ ಟೈರಿನಲ್ಲಿ ತುಂಬಿದ ಹಿಮವೇ ನೆಲದ ಹಿಮವನ್ನು ಹಿಡಿಯುತ್ತದೆ. ಗಟ್ಟಿಯಾಗಿ ಕೂತ ಹಿಮದ ಮೇಲೆ ಗಂಟೆಗೆ 50 ಕಿಲೋಮೀಟರ್‌ನಿಂದ ಬ್ರೇಕ್ ಹಾಕಿದರೆ, ಘರ್ಷಣಾಂಕ 0.15 ಇದ್ದಾಗ 65 ಮೀಟರ್ ಬೇಕಾಗುವ ಕಡೆ, 0.3 ಸಿಕ್ಕರೆ 33 ಮೀಟರ್ ಸಾಕು. ಬೇಸಿಗೆ ಟೈರಿಗೂ ಚಳಿಗಾಲದ ಟೈರಿಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟು.

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಅದು ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರ್. 1999ರಿಂದ ಈ ಗುರುತು ಬಳಕೆಯಲ್ಲಿದೆ. 'ಎಂ ಪ್ಲಸ್ ಎಸ್' (M+S) ಎಂಬ ಗುರುತನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಮಡ್ ಅಂಡ್ ಸ್ನೋ ಎಂದು ಅದರ ಅರ್ಥವಾದರೂ ಅದಕ್ಕೆ ಹಿಮದ ಪರೀಕ್ಷೆ ಕಡ್ಡಾಯವಿಲ್ಲ. ಕಚ್ಚುಗಳ ವಿನ್ಯಾಸ ನೋಡಿ ಕಂಪನಿಯೇ ಹಾಕಿಕೊಳ್ಳುತ್ತದೆ. ನಮ್ಮಲ್ಲಿ ಮಾರುವ ಎಷ್ಟೋ ಎ.ಟಿ. ಟೈರುಗಳ ಮೇಲೆ ಈ ಅಕ್ಷರಗಳಿರುತ್ತವೆ. ಅದನ್ನು ತೋರಿಸಿ "ಸಾರ್, ಇದು ಹಿಮಕ್ಕೂ ನಡೀತದ" ಎಂದರೆ ನಂಬಿ ಸ್ಪಿತಿಗೆ ಹೊರಡಬೇಡಿ.

ಕೆನಡಾದ ಮಗನಿಗೆ ಉತ್ತರ ಇಲ್ಲೇ ಸಿಕ್ಕಿತು. ಆಲ್ ವೀಲ್ ಡ್ರೈವ್ ಇದ್ದರೂ ಚಳಿಗಾಲದ ಟೈರ್ ಹಾಕಿಸಲೇಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾನೂನೇ ಕಡ್ಡಾಯ ಮಾಡಿದೆ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ ಚಳಿಗಾಲದ ಟೈರ್ ಹಾಕಿಸಿದವರಿಗೆ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮ 2016ರಿಂದ ಇದೆ. ಜರ್ಮನಿಯಲ್ಲಿ ತಾರೀಖಿನ ಲೆಕ್ಕವಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಗಾಡಿ ರಸ್ತೆಗಿಳಿಸುವವರ ಟೈರ್ ಚಳಿಗಾಲಕ್ಕೆ ತಕ್ಕದ್ದಾಗಿರಬೇಕು, 2024ರ ಅಕ್ಟೋಬರ್‌ನಿಂದ ಆ ಬೆಟ್ಟದ ಗುರುತಿದ್ದರೆ ಮಾತ್ರ ಲೆಕ್ಕಕ್ಕೆ. ಖರ್ಚಿನ ಭಯವೂ ಅರ್ಧ ತಪ್ಪು ತಿಳಿವಳಿಕೆಯದು. ಎರಡು ಸೆಟ್ ಟೈರ್ ಇದ್ದರೆ ಒಂದು ಓಡುವಾಗ ಇನ್ನೊಂದು ಸವೆಯದೆ ಕೂತಿರುತ್ತದೆ. ಹೆಚ್ಚುವರಿ ಬೀಳುವುದು ಇನ್ನೊಂದು ಸೆಟ್ ರಿಮ್ಮಿನ ಬೆಲೆ, ವರ್ಷಕ್ಕೆ ಎರಡು ಸಲ ಬದಲಿಸುವ ಕೂಲಿ, ಇಟ್ಟುಕೊಳ್ಳಲು ಜಾಗ. ಮಗ ದುಡ್ಡುಳಿಸಲು ಎರಡೇ ಗಾಲಿಗೆ ಹಾಕಿಸುತ್ತೇನೆ ಎಂದರೆ ಬೇಡ ಎನ್ನಿ. ಮುಂದಿನ ಗಾಲಿ ಹಿಡಿದು ಹಿಂದಿನದು ಜಾರಿದರೆ ಗಾಡಿ ಬುಗುರಿ ತಿರುಗಿದಂತೆ ತಿರುಗುತ್ತದೆ.

ಹಾಗಾದರೆ ಅದೇ ಟೈರನ್ನು ಬಳ್ಳಾರಿಯಲ್ಲಿ ಹಾಕಿಸಿದರೆ? ನಮ್ಮ ಜನವರಿಯ ನಸುಕು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು, ಹಗಲು 30. ಆ 7 ಡಿಗ್ರಿಯ ಗೆರೆ ನಮ್ಮ ಹತ್ತಿರವೂ ಸುಳಿಯುವುದಿಲ್ಲ. ಏಪ್ರಿಲ್-ಮೇ ಬಂತೆಂದರೆ ಬಳ್ಳಾರಿ, ರಾಯಚೂರುಗಳಲ್ಲಿ 40 ದಾಟುವ ದಿನಗಳೂ ಸಾಕಷ್ಟು, ಮಧ್ಯಾಹ್ನದ ಡಾಂಬರ್ 60 ಡಿಗ್ರಿಗೂ ಮೇಲೆ ಕಾದಿರುತ್ತದೆ. ತಣ್ಣಗಿನಲ್ಲಿ ಮೆತ್ತಗಿರಲೆಂದು ಮಾಡಿದ ರಬ್ಬರ್ ಇಲ್ಲಿ ಅತಿ ಮೆತ್ತಗಾಗಿ ಕಚ್ಚುಗಳು ಓಲಾಡುತ್ತವೆ. ಸ್ಟೀರಿಂಗ್ ಸಡಿಲವೆನಿಸುತ್ತದೆ, ಬ್ರೇಕ್ ದೂರ ಹೆಚ್ಚುತ್ತದೆ, ಟೈರ್ ಬೇಗ ತಿಂದುಹೋಗುತ್ತದೆ. ಹಿಮದಲ್ಲಿ ಜೀವ ಉಳಿಸುವ ಟೈರ್ ಹೊಸಪೇಟೆ ರಸ್ತೆಯಲ್ಲಿ ಜೀವಕ್ಕೆ ಸಂಚಕಾರ ತರುತ್ತದೆ.

ಇದನ್ನು ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ನಾಟಿಗೆ ಗದ್ದೆ ರಾಡಿ ಹೊಡೆಯುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಎಂಬ ಕಬ್ಬಿಣದ ಪಂಜರದ ಗಾಲಿ ಕಟ್ಟುತ್ತಾರೆ. ಮೊಣಕಾಲುದ್ದ ಕೆಸರಿನಲ್ಲಿ ಅದಿಲ್ಲದೆ ಟ್ರ್ಯಾಕ್ಟರ್ ಅಲ್ಲಾಡದು. ಅದೇ ಕೇಜ್ ವೀಲ್ ಹಾಕಿಕೊಂಡು ಡಾಂಬರ್ ರಸ್ತೆಗೆ ಬಂದರೆ ರಸ್ತೆಯೂ ಹಾಳು, ಟ್ರ್ಯಾಕ್ಟರೂ ಹಾಳು. ಚಳಿಗಾಲದ ಟೈರ್ ಹಿಮದ ನಾಡಿನವರ ಕೇಜ್ ವೀಲ್. ಆ ನೆಲ, ಆ ಹಂಗಾಮು ಮುಗಿದ ಕೂಡಲೇ ಬಿಚ್ಚಿಡುವಂಥದ್ದು.

ಮನಾಲಿ, ಸ್ಪಿತಿ, ಲಡಾಖ್ ಕಡೆ ಹೊರಟವರ ಪ್ರಶ್ನೆ ಇದಕ್ಕಿಂತ ತೊಡಕಿನದು, ಏಕೆಂದರೆ ಅಲ್ಲಿ ಹಿಮವಿರುವುದು ನಿಜ. ಬಳ್ಳಾರಿಯಿಂದ ಮನಾಲಿಗೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಇಲ್ಲಿಂದಲೇ ಚಳಿಗಾಲದ ಟೈರ್ ಹಾಕಿಸಿಕೊಂಡು ಹೊರಟರೆ ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶದ ಬಿಸಿ ಹೆದ್ದಾರಿಯಲ್ಲೇ ಅದು ಸವೆಯುತ್ತದೆ. ಹಿಮದ ಮೇಲೆ ಓಡುವುದು ನೂರಿನ್ನೂರು ಕಿಲೋಮೀಟರ್ ಮಾತ್ರ. ಸಿಗುವುದೂ ಕಷ್ಟ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಚಳಿಗಾಲದ ಟೈರಿಗೆ ಯುರೋಪಿನಲ್ಲಿ ಹೆಸರಾದ ವ್ರೆಡೆಸ್ಟೈನ್ ಕಂಪನಿಯನ್ನು ನಮ್ಮ ಅಪೊಲೊ ಟೈರ್ಸ್ 2009ರಲ್ಲೇ ಕೊಂಡುಕೊಂಡಿದೆ. ಹಾಗಂತ ಬಳ್ಳಾರಿಯ ಟೈರ್ ಅಂಗಡಿಯಲ್ಲಿ ಆ ಮಾಲು ಸಿಗುವುದಿಲ್ಲ, ಇಲ್ಲಿ ಅದಕ್ಕೆ ಗಿರಾಕಿಯೂ ಇಲ್ಲ.

ಇಂಥವರಿಗೆ ನಾನು ಹೇಳುವುದು: ಸರಪಳಿ ಒಯ್ಯಿರಿ. ನಿಮ್ಮ ಟೈರಿನ ಅಳತೆಗೆ ಸರಿಯಾದ ಹಿಮದ ಸರಪಳಿ ಕೊಂಡು, ಮನೆಯ ಅಂಗಳದಲ್ಲೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಕೈ ಮರಗಟ್ಟುವ ಚಳಿಯಲ್ಲಿ, ರಸ್ತೆ ಬದಿ ಕೂತು ಮೊದಲ ಸಲ ಕಟ್ಟುತ್ತೇನೆಂದರೆ ಆಗುವ ಮಾತಲ್ಲ. ಯಾವ ಗಾಲಿಗೆ ಕಟ್ಟಬೇಕು ಎಂದು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕಟ್ಟಿದ ಮೇಲೆ 40 ದಾಟಬೇಡಿ, ಹಿಮ ಮುಗಿದಲ್ಲಿ ಬಿಚ್ಚಿ. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಚಳಿಗಾಲದಲ್ಲೂ ಮನಾಲಿಯಾಚೆಯ ಲಾಹೌಲ್ ಕಡೆ ಪ್ರವಾಸಿಗರು ಹೋಗುವಂತಾಗಿದೆ. ಸುರಂಗದ ಬಾಯಿಯಲ್ಲಿ, ಸೇತುವೆಗಳ ಮೇಲೆ, ಬಿಸಿಲು ಬೀಳದ ತಿರುವುಗಳಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆಯ ಪದರ ಕೂತಿರುತ್ತದೆ. ಅದರ ಮೇಲೆ ಚಳಿಗಾಲದ ಟೈರೂ ಪೂರ್ತಿ ಕಾಪಾಡದು, ಥಾರಂತೂ ಕಾಪಾಡುವುದೇ ಇಲ್ಲ. ಹೊಸಬರಾದರೆ ಮನಾಲಿಯಲ್ಲಿ ಗಾಡಿ ನಿಲ್ಲಿಸಿ ಅಲ್ಲಿನ ಚಾಲಕನ ಟ್ಯಾಕ್ಸಿ ಮಾಡಿಕೊಳ್ಳುವುದೇ ಮೇಲು. ನಾಲ್ಕು ಚಳಿಗಾಲದ ಟೈರಿಗೆ ಸುರಿಯುವ ದುಡ್ಡಿನಲ್ಲಿ ಇಂಥ ಎಷ್ಟೋ ದಿನದ ಟ್ಯಾಕ್ಸಿ ಬಾಡಿಗೆ ಕೊಡಬಹುದು.

ಇಲ್ಲಿಯವರೆಗಿನ ಲೆಕ್ಕ ಸುಲಭದ್ದು. ನಮ್ಮೂರಿನ ಎರೆ ಮಣ್ಣಿನ ಲೆಕ್ಕ ಇದಕ್ಕಿಂತ ಕಷ್ಟದ್ದು.

ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ, ಮಳೆ ಬಿದ್ದರೂ ನೀರು ಇಂಗುತ್ತದೆ, ಕೆಳಗೆ ಗಟ್ಟಿ ನೆಲ ಸಿಗುತ್ತದೆ, ದಪ್ಪ ಕಚ್ಚಿನ ಟೈರ್ ಅದನ್ನು ಹುಡುಕಿ ಹಿಡಿಯುತ್ತದೆ. ಎರೆಯ ಗುಣ ಬೇರೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಒದ್ದೆಯಾದಾಗ ಮೇಲೆ ಬೆಣ್ಣೆಯಂತೆ ಜಾರು, ಒಳಗೆ ಅಂಟು. ಸಿಂಧನೂರು ತಾಲ್ಲೂಕಿನಲ್ಲಿ ಒಂದು ಮುಂಗಾರು ಮಳೆಯ ಮರುದಿನ ಕಾಲುವೆ ದಂಡೆಯ ದಾರಿಯಲ್ಲಿ ಸಿಕ್ಕಿಕೊಂಡ ಗಾಡಿಯೊಂದರ ಟೈರನ್ನು ಹತ್ತಿರದಿಂದ ನೋಡಿದ್ದೆ. ಹೊಸ ಎ.ಟಿ. ಟೈರ್. ಕಚ್ಚು ಯಾವುದು, ಗೀರು ಯಾವುದು ಗೊತ್ತಾಗದಂತೆ ಕರಿ ಮಣ್ಣು ತುಂಬಿ, ಮೇಲೆ ಒಂದು ಬೆರಳು ದಪ್ಪ ಮೆತ್ತಿಕೊಂಡು, ಟೈರ್ ಪೂರ್ತಿ ನುಣ್ಣಗೆ ಬೋಳಾಗಿತ್ತು. ಮಡ್‌ಗಾರ್ಡಿನೊಳಗೆ ಮಣ್ಣು ಇಡುಕಿರಿದು ಗಾಲಿ ತಿರುಗಲೂ ಜಾಗ ಉಳಿದಿರಲಿಲ್ಲ. ಓಡಿಸುತ್ತಿದ್ದ ಹುಡುಗ ಸಲಿಕೆ ಹಿಡಿದು ಕೆರೆಯುತ್ತಾ, "ಅಣ್ಣಾ, ನಾಕೂ ಗಾಲಿ ತಿರುಗಾಕತ್ತಾವ, ಗಾಡಿ ಮಾತ್ರ ಅಲ್ಲೇ ಐತಿ" ಎಂದ. ಕೊನೆಗೆ ಟ್ರ್ಯಾಕ್ಟರ್ ಬಂದು ಎಳೆಯಿತು.

ಹಿಮಕ್ಕೂ ಎರೆಗೂ ಇರುವ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಟ್ಟಿದಂತಿತ್ತು. ಹಿಮದ ಟೈರ್ ಹಿಮವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಕೆಲಸ ಮಾಡುತ್ತದೆ. ಕೆಸರಿನ ಟೈರ್ ಕೆಸರನ್ನು ಹೊರಗೆ ಎಸೆದರೆ ಮಾತ್ರ ಕೆಲಸ ಮಾಡುತ್ತದೆ. ಎಸೆಯಬೇಕಾದರೆ ಕಚ್ಚುಗಳ ನಡುವೆ ದೊಡ್ಡ ಸಂದು ಬೇಕು, ಗಾಲಿ ಜೋರಾಗಿ ತಿರುಗಬೇಕು. ಎ.ಟಿ. ಟೈರಿನ ಸಂದು ಎರೆಗೆ ಸಾಲದು. ಸಂದು ಇನ್ನೂ ದೊಡ್ಡದಿರುವ, ಕೆಸರಿಗೆಂದೇ ಮಾಡಿದ ಎಂ.ಟಿ. ಟೈರ್ ಸ್ವಲ್ಪ ಮಟ್ಟಿಗೆ ಪರವಾಗಿಲ್ಲ, ಆದರೆ ಅದನ್ನು ಹಾಕಿಕೊಂಡು ದಿನಾ ಪಟ್ಟಣದಲ್ಲಿ ಓಡಾಡುವುದು ಹಿಂಸೆ. ಸದ್ದು ಜಾಸ್ತಿ, ಮೈಲೇಜ್ ಕಡಿಮೆ, ಒದ್ದೆ ಡಾಂಬರಿನಲ್ಲಿ ಬ್ರೇಕ್ ದುರ್ಬಲ. ಹಸಿ ಎರೆಹೊಲಕ್ಕೆ ಗಾಡಿ ಇಳಿಸದಿರುವುದೇ ಒಳ್ಳೆಯದು, ಎರಡು ದಿನ ಬಿಸಿಲು ಬೀಳಲಿ.

ಹಾಗೆಂದು ಎ.ಟಿ. ಟೈರ್ ಯಾರಿಗೂ ಬೇಡ ಎನ್ನಲಾರೆ. ಸಂಡೂರು, ದೋಣಿಮಲೈ ಕಡೆ ಗಣಿ ದಾರಿಯಲ್ಲಿ ದಿನಾ ಓಡಾಡುವವರಿಗೆ ಅದು ಬೇಕು. ಅಲ್ಲಿ ಅದಿರಿನ ಚೂಪು ಕಲ್ಲು ಟೈರಿನ ಪಕ್ಕವನ್ನು ಸೀಳುತ್ತದೆ. ಪಕ್ಕ ಸೀಳಿದ ಟೈರಿಗೆ ಪ್ಯಾಚ್ ಹಾಕಿ ಓಡಿಸುವುದು ಅಪಾಯ, ಎಸೆಯಬೇಕಷ್ಟೇ. ಪಕ್ಕದ ಪದರ ದಪ್ಪವಿರುವ ಎ.ಟಿ. ಟೈರ್ ಅಲ್ಲಿ ಹಾಕಿದ ದುಡ್ಡನ್ನು ದುಡಿದು ಕೊಡುತ್ತದೆ. ಗಾಳಿಯಂತ್ರಗಳ ಗುಡ್ಡ ಹತ್ತುವವರಿಗೆ, ಕಲ್ಲುದಾರಿಯ ತೋಟಕ್ಕೆ ದಿನಾ ಹೋಗುವವರಿಗೂ ಇದೇ ಮಾತು. ಆದರೆ ಓಡಾಟವೆಲ್ಲ ಬಳ್ಳಾರಿಯಿಂದ ಹೊಸಪೇಟೆಗೆ, ರಾಯಚೂರಿನಿಂದ ಲಿಂಗಸುಗೂರಿಗೆ, ವರ್ಷಕ್ಕೆರಡು ಸಲ ಬೆಂಗಳೂರಿಗೆ ಎನ್ನುವವರು ರಸ್ತೆಗೆಂದೇ ಮಾಡಿದ ಎಚ್.ಟಿ. ಟೈರಿನಲ್ಲೇ ಇರುವುದು ಕ್ಷೇಮ. ಅವರ ನಿಜವಾದ ಅಪಾಯವೆಲ್ಲ ಡಾಂಬರಿನ ಮೇಲಿದೆ.

ಆ ಅಪಾಯಗಳು ಯಾವುವು ಎಂದು ನಮ್ಮ ರಸ್ತೆ ಬಲ್ಲವರಿಗೆ ಗೊತ್ತು. ಕೊಯ್ಲಿನ ದಿನಗಳಲ್ಲಿ ಸಿರುಗುಪ್ಪ, ಸಿಂಧನೂರು, ಗಂಗಾವತಿ ಸುತ್ತ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ. ಒಣಗಿದ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಕಾಳು ಉರುಳುತ್ತದೆ, ಗಾಡಿ ಜಾರುತ್ತದೆ. ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರ್ ಉದುರಿಸಿದ ಎರೆ ಹೆಂಟೆಯ ಮೇಲೆ ಒಂದು ತುಂತುರು ಬಿದ್ದರೆ ಸಾಕು, ಬೈಕಿನವರು ಅಲ್ಲೇ ಬೀಳುತ್ತಾರೆ. ತಿಂಗಳುಗಟ್ಟಲೆ ಬಿಸಿಲಿನ ಬಳಿಕ ಬರುವ ಮೊದಲ ಮಳೆ ರಸ್ತೆಯ ಎಣ್ಣೆ, ಅದಿರಿನ ಧೂಳು ಎರಡನ್ನೂ ಕಲಸಿ ಪದರ ಮಾಡುತ್ತದೆ. ಇಲ್ಲೆಲ್ಲ ಕೈ ಹಿಡಿಯುವುದು ಗೀರು ಆಳವಿರುವ ಒಳ್ಳೆಯ ರಸ್ತೆ ಟೈರ್ ಮತ್ತು ಕಡಿಮೆ ವೇಗ.

ಕೆಲವರು ಮಳೆ ಬಂದ ಕೂಡಲೇ ಹೆದ್ದಾರಿಯಲ್ಲಿ ಫೋರ್ ಎಚ್, ಅಂದರೆ ನಾಲ್ಕೂ ಗಾಲಿಗೆ ಬಲ ಕೊಡುವ ಮಾಮೂಲಿ ವೇಗದ ಗೇರ್, ಹಾಕಿಕೊಳ್ಳುತ್ತಾರೆ. ಥಾರ್, ಜಿಮ್ನಿಗಳಲ್ಲಿರುವುದು ಬೇಕೆಂದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ವ್ಯವಸ್ಥೆ, ಮುಂದಿನ ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಫೋರ್ ಎಚ್‌ನಲ್ಲಿ ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಆ ವ್ಯತ್ಯಾಸಕ್ಕೆ ದಾರಿಯಿಲ್ಲ. ಮಣ್ಣಿನಲ್ಲಾದರೆ ಗಾಲಿ ತುಸು ಜಾರಿ ಸರಿಹೋಗುತ್ತದೆ. ಹಿಡಿತವಿರುವ ಡಾಂಬರಿನಲ್ಲಿ ಆ ಒತ್ತಡವೆಲ್ಲ ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ, ಸ್ಟೀರಿಂಗ್ ಬಿಗಿಯುತ್ತದೆ, ಟೈರ್ ಉಜ್ಜಿ ಸವೆಯುತ್ತದೆ. ಬ್ರೇಕಿಗೆ ಇದರಿಂದ ಕಿಂಚಿತ್ತೂ ಲಾಭವಿಲ್ಲ.

ಇನ್ನು ಬಿಸಿಲು. ಬೇಸಿಗೆಯಲ್ಲಿ ಹೆದ್ದಾರಿಗಳಲ್ಲಿ ಟೈರ್ ಸಿಡಿದು ಗಾಡಿ ಪಲ್ಟಿಯಾದ ಸುದ್ದಿ ಓದುವಾಗ ಬಿಸಿಲಿಗೆ ಗಾಳಿ ಉಬ್ಬಿ ಸಿಡಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ಅದಕ್ಕೇ ಬೇಸಿಗೆಯಲ್ಲಿ ಗಾಳಿ ಕಡಿಮೆ ಹೊಡೆಸುತ್ತಾರೆ. ಆಗುವುದು ಉಲ್ಟಾ. ಗಾಳಿ ಕಡಿಮೆಯಿದ್ದ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಆ ಬಾಗಾಟದಿಂದ ಒಳಗೇ ಶಾಖ ಹುಟ್ಟುತ್ತದೆ, ಮೇಲಿನ ರಬ್ಬರೂ ಒಳಗಿನ ಉಕ್ಕಿನ ತಂತಿಯ ಪದರವೂ ಬಿಟ್ಟುಕೊಳ್ಳುತ್ತವೆ. ಹೊರಗಿನ ಬಿಸಿಲು ಅದಕ್ಕೆ ತುಪ್ಪ ಸುರಿಯುತ್ತದೆ. ಟೈರ್ ಕಾದಂತೆ ಪ್ರತಿ 5-6 ಡಿಗ್ರಿಗೆ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ ಏರುವುದು ಸಹಜ, ಕಂಪನಿ ಅದನ್ನು ಲೆಕ್ಕ ಹಿಡಿದೇ ಅಂಕಿ ಕೊಟ್ಟಿರುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ, ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟು ಹೊಡೆಸಿ. ಮನೆಮಂದಿ, ಸಾಮಾನು ತುಂಬಿಕೊಂಡು ಹೊರಟರೆ ಅದೇ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬರೆದಿರುವ ಹೆಚ್ಚಿನ ಅಂಕಿ. ದಾರಿಯಲ್ಲಿ ಕಾದ ಟೈರಿನಿಂದ ಗಾಳಿ ಬಿಡಿಸಬೇಡಿ. ನೈಟ್ರೊಜನ್ ಹೊಡೆಸುವವರು ಹೊಡೆಸಲಿ, ತೊಂದರೆಯಿಲ್ಲ. ಸಾದಾ ಗಾಳಿಯಲ್ಲೇ 78 ಭಾಗ ನೈಟ್ರೊಜನ್ ಇದೆ, ವಾರಕ್ಕೊಮ್ಮೆ ಗೇಜ್ ಹಿಡಿದು ನೋಡುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಟೈರಿನ ವಯಸ್ಸನ್ನಂತೂ ನಮ್ಮಲ್ಲಿ ಬಹಳ ಮಂದಿ ನೋಡುವುದೇ ಇಲ್ಲ. ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗೀರು ಎಷ್ಟೇ ಉಳಿದಿರಲಿ, ರಬ್ಬರ್ ಬಿಸಿಲಿಗೆ ಬಿರುಸಾಗಿ ಪಕ್ಕದಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡರೆ ಅದರ ಆಯಸ್ಸು ಮುಗಿದಂತೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು ಎಂದು ಕಂಪನಿಗಳೇ ಹೇಳುತ್ತವೆ; ನಮ್ಮ ಬಿಸಿಲಿನಲ್ಲಿ ಆರು ವರ್ಷದ ಟೈರ್ ಹಾಕಿಕೊಂಡು ನೂರರ ವೇಗದಲ್ಲಿ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗೀರಿನ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಕಾನೂನಿನ ಪ್ರಕಾರವೇ ಬದಲಿಸಬೇಕು. ಮಳೆಗಾಲಕ್ಕೆ ಅಷ್ಟು ಸಾಲದು, 3 ಮಿಲಿಮೀಟರ್ ಉಳಿದಿರುವಾಗಲೇ ಬದಲಿಸಿ. ಗೀರು ಕಡಿಮೆಯಾದಷ್ಟೂ ನೀರನ್ನು ಹೊರಗೆ ತಳ್ಳುವ ಶಕ್ತಿ ಕಡಿಮೆ, ವೇಗದಲ್ಲಿ ಟೈರ್ ನೀರಿನ ಮೇಲೆ ತೇಲತೊಡಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 10,000 ರೂಪಾಯಿಯ ಟೈರ್ ಎಂದಿಟ್ಟುಕೊಂಡರೆ ಒಂದಕ್ಕೆ 1,000, ನಾಲ್ಕಕ್ಕೆ 4,000 ರೂಪಾಯಿ ಉಳಿತಾಯ. ಈ ಉಳಿತಾಯವನ್ನು ದೊಡ್ಡ ಅಳತೆಯ ಟೈರಿಗೆ ಹಾಕುವವರಿದ್ದಾರೆ. ಗಾಡಿ ನೋಡಲು ಗತ್ತಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಟೈರಿನ ಸುತ್ತಳತೆ ಶೇ 5 ಹೆಚ್ಚಿದರೆ ಸ್ಪೀಡೊಮೀಟರ್ 100 ತೋರಿಸುವಾಗ ಗಾಡಿ 105ರಲ್ಲಿ ಓಡುತ್ತಿರುತ್ತದೆ, ಭಾರ ಹೆಚ್ಚಿದ ಗಾಲಿಯನ್ನು ನಿಲ್ಲಿಸಲು ಬ್ರೇಕಿಗೆ ಶ್ರಮ ಹೆಚ್ಚು, ಮೊದಲೇ ಎತ್ತರದ ಗಾಡಿ ಇನ್ನಷ್ಟು ಎತ್ತರವಾಗುತ್ತದೆ. ಅದೇ ಹಣದಲ್ಲಿ ಕಂಪನಿ ಹೇಳಿದ ಅಳತೆಯ, ಒಂದು ದರ್ಜೆ ಮೇಲಿನ ರಸ್ತೆ ಟೈರ್ ಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಲಾಭ ಪ್ರತಿ ಬ್ರೇಕಿನಲ್ಲೂ ಸಿಗುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಗೆ ಟೈರ್ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಒಂದೇ ಕಂಪನಿ, ಒಂದೇ ಮಾದರಿ. ಮುಂದೆ ಸವೆದ ಟೈರ್, ಹಿಂದೆ ಹೊಸದು ಇದ್ದರೆ ಸುತ್ತಳತೆ ಬೇರೆಯಾಗಿ, ಫೋರ್ ಎಚ್ ಹಾಕಿದಾಗ ನೇರ ದಾರಿಯಲ್ಲೂ ಟ್ರಾನ್ಸ್‌ಫರ್ ಕೇಸ್ ಒತ್ತಡದಲ್ಲಿರುತ್ತದೆ. ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಗಾಲಿಗಳ ಜಾಗ ಬದಲಿಸಿದರೆ ನಾಲ್ಕೂ ಒಂದೇ ಸಮ ಸವೆಯುತ್ತವೆ. ಸ್ಟೆಪ್ನಿ ಅದೇ ಅಳತೆಯದಾಗಿದ್ದರೆ ಅದನ್ನೂ ಈ ಸರದಿಗೆ ಸೇರಿಸಿಕೊಳ್ಳಿ. ಥಾರ್, ಜಿಮ್ನಿಗಳಲ್ಲಿ ಸ್ಟೆಪ್ನಿ ಹಿಂದಿನ ಬಾಗಿಲಿಗೆ ನೇತಾಡುತ್ತಾ ವರ್ಷವಿಡೀ ಬಳ್ಳಾರಿಯ ಬಿಸಿಲು ಕುಡಿಯುತ್ತಿರುತ್ತದೆ. ಒಂದು ದಿನವೂ ಓಡದೆ ಅದು ಮುದಿಯಾಗಿರಬಹುದು. ದೂರದ ದಾರಿಗೆ ಹೊರಡುವ ಮುನ್ನ ಅದರ ನಾಲ್ಕು ಅಂಕಿಯನ್ನೂ ಒಮ್ಮೆ ಓದಿ, ಗಾಳಿಯನ್ನೂ ನೋಡಿ.